ನೆಲೆಯೂರುವ ಮೊದಲು ನೆರೆಯನ್ನು ವಿಚಾರಿಸಿರಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳಲ್ಲಿ ಒಬ್ಬನಾದರೂ ಪರಸ್ಥಳಕ್ಕೆ ಹೋಗಿ ನೆಲೆಸದ ಕುಟುಂಬವು ಇಂದು ಅಪರೂಪವಾಗಿದೆ. ತೋಟವು ಹಿಸ್ಸೆಯಾಗಿ ಸಣ್ಣದಾಯಿತು; ವಿದ್ಯೆಯು ಹೆಚ್ಚಿತು; ಉದ್ಯೋಗವು ಹುಬ್ಬಳ್ಳಿ, ಬೆಂಗಳೂರು, ಪುಣೆ, ಮುಂಬಯಿಗಳಲ್ಲಿಯೂ, ಇನ್ನೂ ಮುಂದೆ ಹೋದವರಿಗೆ ಅಮೇರಿಕದ ಪಟ್ಟಣಗಳಲ್ಲಿಯೂ ದೊರೆಯಿತು. ಇದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ಹೊರಟು ನಿಂತ ಮಗನನ್ನು ಮನೆಯ ಹಿರಿಯರು ಕೇಳುವ ಪ್ರಶ್ನೆಗಳನ್ನೂ ನಾವು ಬಲ್ಲೆವು. ಸಂಬಳವೆಷ್ಟು, ಬಾಡಿಗೆಯೆಷ್ಟು, ಊಟದ ವ್ಯವಸ್ಥೆಯೇನು, ನಮ್ಮ ಕಡೆಯವರು ಯಾರಿದ್ದಾರೆ, ಮಕ್ಕಳ ಶಾಲೆ ಎಷ್ಟು ದೂರ, ಇವೆಲ್ಲವನ್ನೂ ಕೇಳುವರು. ಆದರೆ ಆ ಊರಿನಲ್ಲಿ ಗಾಳಿಯು ಯಾವ ತಿಂಗಳಲ್ಲಿ ಕೆರಳುತ್ತದೆ, ಮಳೆ ಸುರಿದಾಗ ನೀರು ಎಲ್ಲಿ ನಿಲ್ಲುತ್ತದೆ, ಹಿಂದೆ ಯಾವ ವರುಷ ಏನು ಹಾನಿಯಾಯಿತು ಎಂದು ಕೇಳುವವರು ವಿರಳ.

ನಮ್ಮ ಭಾಷೆಯಲ್ಲಿ ‘ನೆರೆ’ ಎಂಬ ಒಂದೇ ಶಬ್ದವು ಪಕ್ಕದ ಮನೆಯವರನ್ನೂ ಹೇಳುತ್ತದೆ, ಉಕ್ಕಿ ಬಂದ ಹೊಳೆಯ ನೀರನ್ನೂ ಹೇಳುತ್ತದೆ. ಹೊಸ ಊರಿನಲ್ಲಿ ಮನೆ ಹಿಡಿಯುವವನು ಮೊದಲನೆಯ ನೆರೆಯನ್ನು ಚೆನ್ನಾಗಿ ವಿಚಾರಿಸುತ್ತಾನೆ; ಎರಡನೆಯದನ್ನು ಅದು ಹೊಸ್ತಿಲು ದಾಟಿ ಒಳಗೆ ಬಂದ ಮೇಲೆ ಅರಿಯುತ್ತಾನೆ. ಈ ಕ್ರಮವು ಬದಲಾಗಬೇಕೆಂಬುದೂ, ಅದು ಬದಲಾಗುವಂತೆ ಮಾಡುವ ಹೊಣೆಯು ಕೇಳುವ ಪ್ರಜೆಯ ಮೇಲಿರುವಷ್ಟೇ ಲೆಕ್ಕವಿಟ್ಟು ಹೇಳಬೇಕಾದ ಅಧಿಕಾರಿಗಳ ಮೇಲೂ ಇರುವುದೆಂಬುದೂ ನಮ್ಮ ಅಭಿಪ್ರಾಯವಾಗಿದೆ.

ಹಿರಿಯರಿಗೆ ಹವೆಯ ಭಯವೇ ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಅದು ಬಹುಮಟ್ಟಿಗೆ ದೂರದ್ದರ ಮೇಲಿನ ಭಯ. ಮಗಳು ಅಳಿಯ ಅಮೇರಿಕದ ಟೆಕ್ಸಾಸ್ ಪ್ರಾಂತದಲ್ಲಿದ್ದರೆ, ಅಲ್ಲಿಯ ಸುಂಟರಗಾಳಿಯ ಚಿತ್ರವೊಂದು ಕೈಯ ಫೋನಿನಲ್ಲಿ ಬಂದ ದಿನ ಇಲ್ಲಿಯ ಮನೆಯಲ್ಲಿ ನಿದ್ರೆ ಇರುವುದಿಲ್ಲ. ಆ ಭಯವನ್ನು ನಾವು ಹಗುರಾಗಿ ಕಾಣಲಾರೆವು. ಆದುದರಿಂದ ಮೊದಲು ಅದನ್ನೇ ವಿಚಾರಿಸೋಣ.

ಅಮೇರಿಕ ಸಂಯುಕ್ತ ಸಂಸ್ಥಾನದಲ್ಲಿ ವರುಷಕ್ಕೆ ಸುಮಾರು ೧,೨೦೦ ಸುಂಟರಗಾಳಿಗಳು ಏಳುತ್ತವೆ. ದಕ್ಷಿಣದ ಕಡಲ ಕಡೆಯಿಂದ ಬರುವ ಬಿಸಿಯಾದ ತೇವದ ಗಾಳಿಯ ಮೇಲೆ ಪಶ್ಚಿಮದ ಪರ್ವತಗಳ ಕಡೆಯ ಒಣ ಗಾಳಿಯು ಹಾಯ್ದು, ಮೇಲಿನ ಗಾಳಿಯೂ ಕೆಳಗಿನ ಗಾಳಿಯೂ ಬೇರೆ ಬೇರೆ ದಿಕ್ಕಿಗೆ ಬೇರೆ ಬೇರೆ ವೇಗದಿಂದ ಬೀಸಿದಾಗ, ಗುಡುಗುಮೋಡವು ತಿರುಗಲಾರಂಭಿಸಿ ಅದರ ಸುಳಿಯು ನೆಲವನ್ನು ಮುಟ್ಟುತ್ತದೆ. ಅಲ್ಲಿಯ ವಿಶಾಲವಾದ ಬಯಲುಸೀಮೆಯಲ್ಲಿ ವಸಂತಕಾಲವು ಇದಕ್ಕೆ ಮುಖ್ಯ ಋತು. ೨೦೧೧ರ ಮೇ ೨೨ರಂದು ಮಿಸೌರಿ ಪ್ರಾಂತದ ಜಾಪ್ಲಿನ್ ಪಟ್ಟಣದ ಮೇಲೆ ಹಾಯ್ದ ಸುಂಟರಗಾಳಿಯು ೧೫೦ಕ್ಕೂ ಅಧಿಕ ಮಂದಿಯನ್ನು ಬಲಿ ತೆಗೆದುಕೊಂಡಿತು. ಅಲ್ಲಿ ಎಚ್ಚರಿಕೆಯ ಸೈರನ್ ಮುಂಚಿತವಾಗಿಯೇ ಕೂಗಿತ್ತು. ಮೊದಲ ಕೂಗಿಗೆ ಬಹು ಜನರು ಆಶ್ರಯಕ್ಕೆ ಹೋಗಲಿಲ್ಲವೆಂದು ಆ ಬಳಿಕ ನಡೆದ ಸರಕಾರಿ ಪರಿಶೀಲನೆಯೇ ಹೇಳಿತು. ಇದಕ್ಕೆ ಪ್ರತಿಯಾಗಿ, ೨೦೧೯ರ ಅಕ್ಟೋಬರ್ ೨೦ರ ರಾತ್ರಿ ಡಲ್ಲಾಸ್ ನಗರದ ಉತ್ತರ ಭಾಗದ ಮೇಲೆ ಅಂಥದೇ ಒಂದು ಪ್ರಬಲ ಸುಂಟರಗಾಳಿಯು ಹಾಯ್ದು ಮನೆಗಳನ್ನೂ ಅಂಗಡಿಗಳನ್ನೂ ಶಾಲೆಗಳನ್ನೂ ಕೆಡವಿದರೂ ಒಂದು ಜೀವವೂ ಹೋಗಲಿಲ್ಲ. ಆ ನಗರದ ಸುತ್ತಮುತ್ತ ನಮ್ಮ ಕನ್ನಡ ಕುಟುಂಬಗಳು ಬಹಳವಾಗಿ ನೆಲೆಸಿವೆ. ಗಾಳಿಯ ಬಲ, ಅದು ಹಾಯ್ದ ಹಾದಿ, ಅದು ಬಂದ ವೇಳೆ ಇವುಗಳಲ್ಲಿ ಅದೃಷ್ಟದ ಪಾಲು ಇದೆಯೆಂಬುದನ್ನು ಒಪ್ಪಿಕೊಂಡರೂ, ಎಚ್ಚರಿಕೆಯನ್ನು ಕೇಳಿ ಗಟ್ಟಿ ಗೋಡೆಯ ಒಳಕೋಣೆಯನ್ನು ಸೇರುವುದು ಮನುಷ್ಯನ ಕೈಯಲ್ಲಿರುವ ಪಾಲು.

ಸುಂಟರಗಾಳಿಯು ಪರದೇಶದ ವಸ್ತುವೆಂದೂ ಭಾವಿಸಬೇಕಾಗಿಲ್ಲ. ಇದುವರೆಗೆ ತಿಳಿದವುಗಳಲ್ಲೆಲ್ಲ ಅತ್ಯಂತ ಘಾತಕವಾದುದು ೧೯೮೯ರ ಏಪ್ರಿಲ್ ೨೬ರಂದು ಬಾಂಗ್ಲಾದೇಶದಲ್ಲಿ ಸುಮಾರು ೧,೩೦೦ ಜನರನ್ನು ಕೊಂದಿತು. ೧೯೭೮ರ ಮಾರ್ಚ್ ೧೭ರಂದು ದೆಹಲಿಯ ಉತ್ತರ ಭಾಗವೇ ಇದರ ಹಾವಳಿಗೆ ತುತ್ತಾಯಿತು. ೨೦೨೪ರ ಮಾರ್ಚ್ ೩೧ರಂದು ಬಂಗಾಲದ ಜಲಪಾಯಿಗುಡಿ ಜಿಲ್ಲೆಯಲ್ಲಿ ಕೆಲವೇ ನಿಮಿಷಗಳ ಗಾಳಿಗೆ ಮನೆಗಳು ನೆಲಸಮವಾಗಿ ಜೀವಹಾನಿಯಾಯಿತು. ಆದರೂ ಇದರ ಹಾದಿಯು ಇಕ್ಕಟ್ಟಾದುದು, ಇರುವ ವೇಳೆಯು ಅಲ್ಪವಾದುದು. ಆದುದರಿಂದ ಡಲ್ಲಾಸಿಗೆ ಹೊರಟವನನ್ನು ಹೋಗಬೇಡವೆನ್ನುವುದು ಅವಿವೇಕ. ನೀನು ಹಿಡಿಯುವ ಮನೆಯಲ್ಲಿ ಕಿಟಕಿಯಿಲ್ಲದ ಒಳಕೋಣೆ ಇದೆಯೇ, ಸೈರನ್ ಕೂಗಿದರೆ ಎಲ್ಲಿ ಸೇರಬೇಕೆಂಬುದು ಮಕ್ಕಳಿಗೂ ತಿಳಿದಿದೆಯೇ ಎಂದು ಕೇಳುವುದು ವಿವೇಕ. ಗಾಲಿಯ ಮೇಲೆ ತಂದಿಟ್ಟ ಹಗುರ ಮನೆಗಳಲ್ಲಿ ವಾಸಿಸುವವರಿಗೆ ಅಪಾಯವು ಅಧಿಕವೆಂಬುದನ್ನೂ ತಿಳಿಸತಕ್ಕದ್ದು.

ದೂರದ ಭಯವು ಇಷ್ಟಾದರೆ, ಹತ್ತಿರದ ಅಪಾಯದ ವಿಷಯದಲ್ಲಿ ನಮ್ಮವರು ತೋರುವ ಅಲಕ್ಷ್ಯವು ಆಶ್ಚರ್ಯಕರವಾಗಿದೆ. ಮಲೆನಾಡಿನವನಿಗೆ ಬೆಂಗಳೂರಿನ ಮಳೆಯೆಂದರೆ ನಗೆಯ ಮಾತು. ವರುಷಕ್ಕೆ ಎರಡೂವರೆ ಸಾವಿರ ಮಿಲಿಮೀಟರಿನಷ್ಟು ಮಳೆಯನ್ನು ನೋಡಿದವನು ಅದರ ಅರ್ಧವೂ ಬೀಳದ ಊರಿಗೆ ಹೆದರುವುದುಂಟೇ? ಪುನರ್ವಸು ಪುಷ್ಯ ಮಳೆಗಳಲ್ಲಿ ಒಂದು ದಿನಕ್ಕೆ ನೂರು ಮಿಲಿಮೀಟರು ಬಿದ್ದರೆ ನಮ್ಮ ಘಟ್ಟದ ಮೇಲೆ ಅದು ಸುದ್ದಿಯೇ ಅಲ್ಲ. ಆದರೆ ೨೦೨೨ರ ಸೆಪ್ಟೆಂಬರ್ ೪-೫ರ ನಡುವಣ ೨೪ ಗಂಟೆಗಳಲ್ಲಿ ಬೆಂಗಳೂರಿನಲ್ಲಿ ಬಿದ್ದ ಮಳೆ ೧೩೧.೬ ಮಿಲಿಮೀಟರು. ಅಷ್ಟಕ್ಕೇ ನಗರದ ಪೂರ್ವಭಾಗದ ಬೀದಿಗಳಲ್ಲಿ ದೋಣಿಗಳು ಓಡಾಡಿದವು. ದೊಡ್ಡ ಸಂಬಳದ ನೌಕರರು ಟ್ರ್ಯಾಕ್ಟರನ್ನೇರಿ ಕಚೇರಿಗೆ ಹೋದರು. ಕೋಟಿಗಟ್ಟಲೆ ಬೆಲೆಯ ಮನೆಗಳಲ್ಲಿ ನೀರು ಎದೆಮಟ್ಟ ನಿಂತಿತು. ೨೦೨೩ರ ಮೇ ೨೧ರಂದು ಕೆ. ಆರ್. ವೃತ್ತದ ಕೆಳಸೇತುವೆಯಲ್ಲಿ ತುಂಬಿ ನಿಂತ ಮಳೆನೀರಿನಲ್ಲಿ ಕಾರು ಸಿಕ್ಕಿ, ನಗರವನ್ನು ನೋಡಲೆಂದು ಮನೆಯವರೊಡನೆ ಹೊರಟಿದ್ದ ತರುಣಿಯೊಬ್ಬಳು ಪ್ರಾಣ ಕಳೆದುಕೊಂಡಳು. ವಿಧಾನಸೌಧದಿಂದ ಆ ಸ್ಥಳವು ಕೂಗಳತೆಯ ದೂರದಲ್ಲಿದೆ. ೨೦೨೪ರ ಜೂನ್ ೨ರಂದು ಅಲ್ಲಿ ೧೧೧.೧ ಮಿಲಿಮೀಟರು ಮಳೆ ಸುರಿದು, ಜೂನ್ ತಿಂಗಳ ಒಂದು ದಿನದ ಮಳೆಗೆ ಶತಮಾನಕ್ಕೂ ಮೀರಿದ ದಾಖಲೆಯಾಯಿತು. ನೂರಾರು ಮರಗಳು ಉರುಳಿದವು.

ಕಾರಣವು ಆಕಾಶದಲ್ಲಿ ಇರುವುದಕ್ಕಿಂತ ನೆಲದಲ್ಲಿ ಹೆಚ್ಚಾಗಿ ಇದೆ. ಬೆಂಗಳೂರು ಒಂದು ಕೆರೆಯ ಕೋಡಿಯಿಂದ ಇನ್ನೊಂದು ಕೆರೆಗೆ ನೀರು ಹರಿಯುವಂತೆ ರಾಜಕಾಲುವೆಗಳಿಂದ ಕಟ್ಟಿದ ಊರು. ಇಂದಿನ ಮೆಜೆಸ್ಟಿಕ್ ಬಸ್ ನಿಲ್ದಾಣವು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿಯೂ, ಕಂಠೀರವ ಕ್ರೀಡಾಂಗಣವು ಸಂಪಂಗಿ ಕೆರೆಯ ಅಂಗಳದಲ್ಲಿಯೂ ಇವೆ. ಕೆರೆಯು ಹೋದರೂ ನೀರು ತನ್ನ ಹಳೆಯ ದಾರಿಯನ್ನು ಮರೆಯುವುದಿಲ್ಲ. ಬಡಾವಣೆಯ ಹೆಸರು ಎಷ್ಟೇ ಸೊಗಸಾದ ಇಂಗ್ಲಿಷಿನಲ್ಲಿರಲಿ, ಅದರ ಸರ್ವೆ ನಕಾಶೆಯನ್ನು ತೆಗೆಸಿ ನೋಡಿದರೆ ಅಲ್ಲಿ ಕೆರೆ, ಹಳ್ಳ, ಕಾಲುವೆ ಎಂದು ಕನ್ನಡದಲ್ಲಿ ಬರೆದಿರುತ್ತದೆ. ಕಂದಾಯ ಖಾತೆಯ ‘ದಿಶಾಂಕ್’ ಎಂಬ ಸಾಧನದಿಂದ ಈ ಸಂಗತಿಯನ್ನು ಫೋನಿನಲ್ಲಿಯೇ ನೋಡಬಹುದಾಗಿದೆ. ಇಪ್ಪತ್ತು ವರುಷದ ಸಾಲವನ್ನು ಹೊತ್ತು ಮನೆ ಕೊಳ್ಳುವವನು ಹತ್ತು ನಿಮಿಷ ಈ ನಕಾಶೆಯನ್ನು ನೋಡಬಾರದೇಕೆ?

ಊರನ್ನು ಕೇಳಿದರೆ ಮಾತ್ರ ಸಾಲದು, ಕೇರಿಯನ್ನೂ ಕೇಳಬೇಕು. ನಮ್ಮ ಜಿಲ್ಲೆಯು ೧೯೫೬ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದುದರಿಂದ, ಮುಂಬಯಿಗೆ ಹೋಗಿ ಹೊಟ್ಟೆ ಹೊರೆಯುವುದು ನಮ್ಮ ಜನರಿಗೆ ಹಳೆಯ ರೂಢಿ. ೨೦೦೫ರ ಜುಲೈ ೨೬ರಂದು ಆ ನಗರದ ಸಾಂತಾಕ್ರೂಜಿನಲ್ಲಿ ೨೪ ಗಂಟೆಗಳಲ್ಲಿ ೯೪೪ ಮಿಲಿಮೀಟರು ಮಳೆ ಬಿದ್ದಾಗ, ಅದೇ ನಗರದ ಕೊಲಾಬಾದಲ್ಲಿ ಬಿದ್ದುದು ೭೫ ಮಿಲಿಮೀಟರಿಗೂ ಕಡಿಮೆ. ಒಂದೇ ದಿನ, ಒಂದೇ ಊರು; ಒಂದು ಕಡೆ ಜಲಪ್ರಳಯ, ಇನ್ನೊಂದು ಕಡೆ ಸಾಮಾನ್ಯ ಮಳೆ.

ಇದನ್ನೆಲ್ಲ ಓದಿ, ಅಂಥ ಊರುಗಳಿಗೆ ಹೋಗುವುದೇ ಬೇಡ, ನಮ್ಮ ಬೆಟ್ಟದ ಮನೆಯೇ ಕ್ಷೇಮವೆಂದು ಯಾರಾದರೂ ಹೇಳಿದರೆ ಅದನ್ನೂ ನಾವು ಒಪ್ಪಲಾರೆವು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯಿದೆ. ಹತ್ತಿರದ ಬೆಟ್ಟವನ್ನೂ ನಾವು ಬಹುಕಾಲ ನುಣ್ಣಗೆಂದೇ ನಂಬಿದ್ದೆವು. ೨೦೨೧ರ ಜುಲೈ ತಿಂಗಳ ಮಳೆಯು ಆ ನಂಬಿಕೆಯನ್ನು ಅಲುಗಾಡಿಸಿತು. ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡವು ಜಾರಿ, ತಲೆಮಾರುಗಳ ದುಡಿಮೆಯಿಂದ ಬೆಳೆದ ಅಡಿಕೆ ತೋಟಗಳು ಮಣ್ಣಿನ ಕೆಳಗೆ ಹೋದವು. ರಸ್ತೆಗಳು ಬಿರುಕು ಬಿಟ್ಟವು. ಅದೇ ಮಳೆಯಲ್ಲಿ ಅರಬೈಲು ಘಟ್ಟ ಕುಸಿದು ಅಂಕೋಲೆ ಹುಬ್ಬಳ್ಳಿಗಳ ನಡುವಣ ಹೆದ್ದಾರಿಯು ನಿಂತುಹೋಯಿತು; ಗುಳ್ಳಾಪುರದ ಸೇತುವೆಯು ಹೊಳೆಯ ಪಾಲಾಯಿತು. ಆಗತಾನೆ ಅಧಿಕಾರ ವಹಿಸಿಕೊಂಡಿದ್ದ ಮುಖ್ಯಮಂತ್ರಿಗಳು ಬಂದು ನೋಡಿಹೋದರು. ಅಜ್ಜನು ನೆಟ್ಟ ಮರವನ್ನೂ, ಮನೆಯ ದೇವರನ್ನೂ, ಕಾಲಡಿಯ ನೆಲವನ್ನೂ ಒಂದೇ ವಾರದಲ್ಲಿ ಸಂಶಯದಿಂದ ನೋಡುವಂತಾದ ಆ ಊರಿನವರ ಮುಂದೆ ‘ಇಲ್ಲಿರುವುದೋ, ಬೇರೆ ಕಡೆಗೆ ಹೋಗುವುದೋ’ ಎಂಬ ಪ್ರಶ್ನೆಯು ಸಂಬಳಕ್ಕಾಗಿ ಎದ್ದ ಪ್ರಶ್ನೆಯಾಗಿರಲಿಲ್ಲ.

ಯಲ್ಲಾಪುರದ ಕಾಡುಗಳ ನೀರನ್ನು ಹೊತ್ತು ಬೇಡ್ತಿಯು ಘಟ್ಟವಿಳಿದು ಗಂಗಾವಳಿಯೆನಿಸಿ ಕಡಲನ್ನು ಸೇರುವ ದಾರಿಯಲ್ಲಿ, ಅಂಕೋಲಾ ತಾಲೂಕಿನ ಶಿರೂರಿನ ಬಳಿ, ೨೦೨೪ರ ಜುಲೈ ೧೬ರಂದು ನಡೆದ ದುರಂತವನ್ನು ನಮ್ಮ ವಾಚಕರು ಮರೆತಿರಲಾರರು. ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಚಹದಂಗಡಿಯ ಸಂಸಾರವೂ ದಾರಿಹೋಕರೂ ಮಣ್ಣಾದರು. ಹೊಳೆಗೆ ಬಿದ್ದ ಮಣ್ಣಿನ ಹೊಡೆತಕ್ಕೆ ನೀರು ಎದ್ದು ಆಚೆಯ ದಡದ ಉಳುವರೆಯ ಮನೆಗಳ ಮೇಲೆ ಬಿತ್ತು. ಹೊಳೆಗೆ ಬಿದ್ದ ಲಾರಿಯೊಂದನ್ನು ಚಾಲಕನ ಶವದೊಡನೆ ಮೇಲೆತ್ತುವಷ್ಟರಲ್ಲಿ ಸೆಪ್ಟೆಂಬರ್ ತಿಂಗಳು ಮುಗಿಯುತ್ತ ಬಂದಿತ್ತು. ಉಳುವರೆಯವರು ಗುಡ್ಡದ ಕೆಳಗೆ ಮನೆ ಕಟ್ಟಿರಲಿಲ್ಲ. ಗುಡ್ಡಕ್ಕೂ ಅವರಿಗೂ ನಡುವೆ ಒಂದು ಹೊಳೆಯೇ ಇತ್ತು. ಅಪಾಯವು ನಮ್ಮ ಹಿತ್ತಿಲಲ್ಲಿಯೇ ಹುಟ್ಟಬೇಕೆಂಬ ನಿಯಮವಿಲ್ಲ.

ಗುಡ್ಡವು ಸುಮ್ಮನೆ ಜಾರುವುದಿಲ್ಲ. ನಮ್ಮ ಘಟ್ಟದ ಮಣ್ಣು ಬಹು ಆಳದವರೆಗೆ ಕಳಿತ ಕಲ್ಲಿನದು. ಕೆಲವು ದಿನ ಬಿಡದೆ ಮಳೆ ಸುರಿದರೆ ಅದು ನೀರು ಕುಡಿದು ಭಾರವಾಗುತ್ತದೆ; ಕೆಳಗಿನ ಗಟ್ಟಿ ಪದರಿಗೂ ಅದಕ್ಕೂ ನಡುವಣ ಹಿಡಿತವು ಸಡಿಲುತ್ತದೆ. ಮೇಲೆ ಮರದ ಬೇರಿದ್ದರೆ, ಬುಡದಲ್ಲಿ ಇಳಿಜಾರು ಹಾಗೆಯೇ ಇದ್ದರೆ, ನೀರು ಹರಿದುಹೋಗಲು ಹಳ್ಳವಿದ್ದರೆ ಅದು ಬಹುಕಾಲ ನಿಲ್ಲುತ್ತದೆ. ಬುಡವನ್ನು ಗೋಡೆಯಂತೆ ಕಡಿದು ಧರೆ ಮಾಡಿ, ಮೇಲಿನ ಮರ ತೆಗೆದು, ಹಳ್ಳಕ್ಕೆ ಮಣ್ಣು ತುಂಬಿದರೆ ನಿಲ್ಲಲಾರದು. ನಮ್ಮ ಹಿರಿಯರು ಸೊಪ್ಪಿನ ಬೆಟ್ಟವನ್ನು ತೋಟದ ಮೇಲೆ ಕಾಯ್ದುಕೊಂಡು ಬಂದುದು ಗೊಬ್ಬರದ ಸೊಪ್ಪಿಗಾಗಿ ಎಂದು ನಾವು ತಿಳಿದಿದ್ದೇವೆ. ಅದು ತೋಟವನ್ನೂ ಮನೆಯನ್ನೂ ಹಿಡಿದು ನಿಲ್ಲಿಸಿದ ಗೋಡೆಯೂ ಆಗಿತ್ತು. ಹಿಂದೆ ಹತ್ತು ಆಳು ಒಂದು ತಿಂಗಳು ಕಡಿಯುತ್ತಿದ್ದ ಧರೆಯನ್ನು ಇಂದು ಜೆಸಿಬಿ ಯಂತ್ರವು ಒಂದು ದಿನದಲ್ಲಿ ಕಡಿಯುತ್ತದೆ. ಕಡಿಯುವ ಶಕ್ತಿಯು ಬೆಳೆದಂತೆ ಕಡಿಯಬಾರದ ಸ್ಥಳವನ್ನು ಅರಿಯುವ ಬುದ್ಧಿಯು ಬೆಳೆಯಲಿಲ್ಲ.

ಈ ಮಾತು ಇಂದು ಹೆಚ್ಚು ಅವಶ್ಯವಾಗಿರುವುದಕ್ಕೆ ಒಂದು ಕಾರಣವುಂಟು. ೨೦೨೦ರ ಮಹಾಮಾರಿಯ ತರುವಾಯ ಪರಸ್ಥಳದ ಉದ್ಯೋಗವನ್ನು ಊರಿನಲ್ಲಿ ಕುಳಿತೇ ಮಾಡಬಹುದೆಂದು ಅರಿತ ಕೆಲವರು ಮರಳಿ ಬಂದಿದ್ದಾರೆ, ನಿವೃತ್ತರೂ ಬರುತ್ತಿದ್ದಾರೆ, ಹಳ್ಳಿಯ ಒಂಟಿ ಮನೆಯ ವೃದ್ಧರು ಆಸ್ಪತ್ರೆ ಹತ್ತಿರವಿರಲೆಂದು ಶಿರಸಿಗೆ ಬಂದು ಸೇರುತ್ತಿದ್ದಾರೆ. ಪೇಟೆಯ ಸುತ್ತಣ ಬೇಣ, ಗುಡ್ಡ, ಗದ್ದೆಗಳು ನಿವೇಶನಗಳಾಗುತ್ತಿವೆ. ಗದ್ದೆಯನ್ನು ತುಂಬಿ ಮಾಡಿದ ನಿವೇಶನದಲ್ಲಿ ನೀರು ಬರುತ್ತದೆ, ಗುಡ್ಡವನ್ನು ಕಡಿದು ಮಾಡಿದ ನಿವೇಶನದಲ್ಲಿ ಮಣ್ಣು ಬರುತ್ತದೆ. ಬೆಂಗಳೂರಿನವರು ಕೆರೆಯಲ್ಲಿ ಮಾಡಿದ ತಪ್ಪನ್ನು ನಾವು ಬೆಟ್ಟದಲ್ಲಿ ಮಾಡಿ, ಅವರನ್ನು ನೋಡಿ ನಗುವುದು ಶೋಭಿಸದು.

ಇನ್ನು ಸಿಡಿಲಿನ ವಿಷಯ. ಸುಂಟರಗಾಳಿಗೆ ಹೆದರುವ ನಾವು ಚೈತ್ರ ವೈಶಾಖಗಳ ಗುಡುಗಿಗೆ ಹೆದರುವುದಿಲ್ಲ. ಭಾರತದಲ್ಲಿ ೨೦೨೨ರಲ್ಲಿ ಸಿಡಿಲಿನಿಂದ ಸತ್ತವರು ೨,೮೮೭ ಮಂದಿ ಎಂದು ಕೇಂದ್ರ ಸರಕಾರದ ಅಪರಾಧ ದಾಖಲೆಗಳ ಖಾತೆಯ ವರದಿಯೇ ಹೇಳುತ್ತದೆ. ಇವರಲ್ಲಿ ಬಹು ಜನರು ಬಯಲಿನಲ್ಲಿ ದುಡಿಯುವವರು. ಸಿಡಿಲಿನ ಮುನ್ಸೂಚನೆಯನ್ನು ಕೊಡಲು ಪುಣೆಯ ಉಷ್ಣವಲಯದ ಹವಾಮಾನ ಸಂಸ್ಥೆಯ ‘ದಾಮಿನಿ’ಯೂ, ನಮ್ಮ ರಾಜ್ಯದ ‘ಸಿಡಿಲು’ ಎಂಬುದೂ ಫೋನಿನಲ್ಲಿ ಬಂದಿವೆ. ಅವುಗಳನ್ನು ಎಷ್ಟು ಮಂದಿ ಗದ್ದೆಯ ಕೂಲಿಯವರು ಬಲ್ಲರು? ಅವರ ಯಜಮಾನರಾದರೂ ನೋಡಿ ಹೇಳುತ್ತಾರೆಯೇ?

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ಹಣೆಯಲ್ಲಿ ಬರೆದುದು ತಪ್ಪದು, ವಿಚಾರಿಸಿ ಫಲವೇನು ಎಂಬುದು ಮೊದಲನೆಯದು. ಹೀಗೆನ್ನುವವರೂ ಮಗಳನ್ನು ಕೊಡುವಾಗ ನಾಲ್ಕು ಕಡೆ ವಿಚಾರಿಸಿಯೇ ಕೊಡುತ್ತಾರೆ. ಮನೆಯ ವಿಷಯದಲ್ಲಿ ಅಷ್ಟನ್ನು ಮಾಡಿದರೆ ದೈವಕ್ಕೆ ಅಪಚಾರವಾಗದು. ಎರಡನೆಯ ಆಕ್ಷೇಪವು ನಿವೇಶನ ಮಾರುವವರದು. ಇಂಥ ವಾರ್ಡಿನಲ್ಲಿ ನೀರು ನುಗ್ಗಿತ್ತು, ಇಂಥ ಧರೆ ಕುಸಿದಿತ್ತು ಎಂದು ಬಹಿರಂಗಪಡಿಸಿದರೆ ಜಾಗದ ಬೆಲೆ ಬೀಳುತ್ತದೆಂದು ಅವರು ಹೇಳುವರು. ಬೀಳಲಿ. ಮುಚ್ಚಿಟ್ಟು ಪಡೆದ ಬೆಲೆಯನ್ನು ಕೊಂಡವನು ಒಂದು ಮಳೆಗಾಲದಲ್ಲಿ ಮತ್ತೊಮ್ಮೆ ತೆರಬೇಕಾಗುತ್ತದೆ, ಕೆಲವು ವೇಳೆ ಪ್ರಾಣದಿಂದ ತೆರಬೇಕಾಗುತ್ತದೆ.

ಇವೆರಡಕ್ಕಿಂತ ಭಾರವಾದ ಮೂರನೆಯ ಮಾತೊಂದಿದೆ. ಅದನ್ನು ಆಡುವವರು ವರ್ತಮಾನಪತ್ರ ಓದುವವರಲ್ಲ. ಕೇಳಿ ತಿಳಿದು ಬೇರೆ ಮನೆ ಹಿಡಿಯುವ ಸಾಮರ್ಥ್ಯವು ಎಲ್ಲರಿಗೂ ಇಲ್ಲ. ಬೆಂಗಳೂರಿನಲ್ಲಿ ಕಟ್ಟಡದ ಕೂಲಿಗೆ ಹೋದವನ ತಗಡಿನ ಶೆಡ್ಡು ರಾಜಕಾಲುವೆಯ ದಂಡೆಯಲ್ಲಿಯೇ ಇರುತ್ತದೆ. ನಮ್ಮಲ್ಲಿ ಜಾಗವಿಲ್ಲದ ಬಡವನ ಮನೆಯು ಧರೆಯ ಬುಡದಲ್ಲಿಯೇ ಇರುತ್ತದೆ. ಅವನಿಗೆ ಅಪಾಯವು ಗೊತ್ತು, ಬೇರೆ ನೆಲೆಯಿಲ್ಲ. ಆದಕಾರಣ ಈ ವಿಚಾರಣೆಯನ್ನು ಒಬ್ಬೊಬ್ಬರ ಜಾಣತನಕ್ಕೆ ಬಿಡದೆ ಸಾರ್ವಜನಿಕ ಸಂಸ್ಥೆಗಳು ವಹಿಸಿಕೊಳ್ಳತಕ್ಕದ್ದು.

ಏನು ಮಾಡಬೇಕೆಂಬುದನ್ನು ನಾವು ಸ್ಪಷ್ಟವಾಗಿ ಹೇಳುತ್ತೇವೆ. ಮೊದಲನೆಯದಾಗಿ, ಶಿರಸಿಯ ನಗರಸಭೆಯೂ ಸಿದ್ದಾಪುರ ಯಲ್ಲಾಪುರಗಳ ಪಟ್ಟಣ ಪಂಚಾಯತಿಗಳೂ ವಾರ್ಡುವಾರು ಒಂದು ಪುಸ್ತಕವನ್ನಿಡಲಿ. ಯಾವ ವರುಷ, ಯಾವ ತಾರೀಖು, ಎಲ್ಲಿ ನೀರು ನುಗ್ಗಿತು, ಎಲ್ಲಿ ಧರೆ ಬಿತ್ತು, ಎಷ್ಟು ಮಳೆ ಆಗಿತ್ತು ಎಂಬುದನ್ನು ಅದರಲ್ಲಿ ಬರೆದು, ಕೇಳಿದವರಿಗೆಲ್ಲ ತೋರಿಸಲಿ. ಎರಡನೆಯದಾಗಿ, ಬಡಾವಣೆಗೆ ಒಪ್ಪಿಗೆ ಕೊಡುವ ಮೊದಲು ಹಳ್ಳದ ದಾರಿ ಮತ್ತು ಗುಡ್ಡದ ಇಳಿಜಾರುಗಳನ್ನು ಸ್ಥಳಕ್ಕೆ ಹೋಗಿ, ಮಳೆಗಾಲದಲ್ಲಿ ನೋಡಲಿ. ಬೇಸಗೆಯಲ್ಲಿ ನೋಡಿದವನಿಗೆ ಹಳ್ಳವು ಹಾದಿಯಂತೆ ಕಾಣುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಭೂಕುಸಿತದ ಸಂಭವವುಳ್ಳ ಪ್ರದೇಶಗಳ ನಕಾಶೆಗಳನ್ನು ಮಾಡಿದ್ದಾರೆ. ಅವು ಕಪಾಟಿನಲ್ಲಿರದೆ ಗ್ರಾಮ ಪಂಚಾಯತಿಯ ಗೋಡೆಯ ಮೇಲೆ ಇರಲಿ. ಮೂರನೆಯದಾಗಿ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿಗಳ ಮಟ್ಟದಲ್ಲಿ ಮಳೆಮಾಪಕಗಳನ್ನಿಟ್ಟಿದೆ. ಬೆಂಗಳೂರಿನಲ್ಲಿ ಕುಳಿತವರಿಗೆ ತಿಳಿಯುವ ಆ ಲೆಕ್ಕವು ಮಾಪಕದ ಬುಡದಲ್ಲಿ ಮನೆಯಿರುವವನಿಗೂ ದಿನದಿನವೂ ತಿಳಿಯುವಂತಾಗಲಿ. ನಾಲ್ಕನೆಯದಾಗಿ, ಕುಸಿದ ಊರಿನವರಿಗೆ ಬೇರೆ ನೆಲ ಕೊಡುವಾಗ ಅದು ಕ್ಷೇಮವಾದ ನೆಲವೇ ಎಂದು ನೋಡಿ ಕೊಡಲಿ. ಒಂದು ಧರೆಯ ಬುಡದಿಂದ ಎಬ್ಬಿಸಿ ಇನ್ನೊಂದು ಧರೆಯ ಬುಡದಲ್ಲಿ ಕೂರಿಸುವುದು ಪುನರ್ವಸತಿಯಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕುವ ಪದ್ಧತಿಯನ್ನು ಅಧಿಕಾರಿಗಳು ಇನ್ನಾದರೂ ಬಿಡಬೇಕು.

ಹೊರಡುವವರಿಗೆ ನಮ್ಮ ಮಾತು ಚಿಕ್ಕದು. ಸಾಧ್ಯವಾದರೆ ಹೊಸ ಊರನ್ನು ಅದರ ಕೆಟ್ಟ ಋತುವಿನಲ್ಲಿ ಒಮ್ಮೆ ನೋಡಿರಿ. ದಲ್ಲಾಳಿಯನ್ನು ಕೇಳುವುದಕ್ಕಿಂತ ಬೀದಿಯ ಕೊನೆಯ ಅಂಗಡಿಯವನನ್ನು ಕೇಳಿರಿ. ನೀರು ಎಲ್ಲಿಯವರೆಗೆ ಬಂದಿತ್ತೆಂಬುದನ್ನು ಅವನು ಗೋಡೆಯ ಮೇಲೆ ಬೆರಳಿಟ್ಟು ತೋರಿಸುವನು. ನೆಲಮಾಳಿಗೆಯ ಮನೆ, ತಗ್ಗಿನ ಬೀದಿ, ಒಣಗಿದ ಮರದ ಕೆಳಗಣ ಕೋಣೆ ಇವುಗಳ ಬಾಡಿಗೆ ಕಡಿಮೆಯಾಗಿದ್ದರೆ ಏಕೆ ಕಡಿಮೆಯೆಂದು ಯೋಚಿಸಿರಿ. ಎಚ್ಚರಿಕೆ ಬಂದ ದಿನ ಕಚೇರಿಗಿಂತ ಜೀವವು ದೊಡ್ಡದೆಂದು ತಿಳಿಯಿರಿ.

ಹೋದವರು ಹಿಂದೆ ಉಳಿದವರನ್ನೂ ನೆನೆಯಬೇಕು. ಇಂದು ಎಷ್ಟೋ ಬೆಟ್ಟದ ಮನೆಗಳಲ್ಲಿ ಇಬ್ಬರೇ ವೃದ್ಧರಿದ್ದಾರೆ. ಆಶ್ಲೇಷಾ ಮಳೆಯ ರಾತ್ರಿ ವಿದ್ಯುತ್ತು ಹೋಗಿ, ಫೋನು ಸತ್ತು, ಕಾಲುಸಂಕ ಮುಳುಗಿದಾಗ ಅವರನ್ನು ಯಾರು ಎಬ್ಬಿಸಿ ಎಲ್ಲಿಗೆ ಕರೆದೊಯ್ಯಬೇಕೆಂಬುದನ್ನು ಮಳೆಗಾಲಕ್ಕೆ ಮುಂಚೆಯೇ ನಿಶ್ಚಯಿಸಿದ ಕುಟುಂಬಗಳೆಷ್ಟು? ಬೆಂಗಳೂರಿನ ಮಗನು ತಂದೆತಾಯಿಗಳಿಗೆ ಹಣ ಕಳುಹುತ್ತಾನೆ, ಔಷಧ ಕಳುಹುತ್ತಾನೆ. ಬರುವ ಯುಗಾದಿಗೆ ಊರಿಗೆ ಬಂದಾಗ ಅವನು ಮನೆಯ ಹಿಂದಣ ಧರೆಯ ಮೇಲೆ ಹತ್ತಿ, ಅಲ್ಲಿ ಹೊಸ ಬಿರುಕು ಇದೆಯೇ ಎಂದು ನೋಡಿ, ಪಕ್ಕದ ಮನೆಯವರ ಸಂಗಡ ಕುಳಿತು ಆ ರಾತ್ರಿಯ ಏರ್ಪಾಡನ್ನು ಮಾತಾಡಿಕೊಂಡು ಹೋಗಲಿ ಎಂದು ಸೂಚಿಸಿ ನಾವು ಈ ಲೇಖನವನ್ನು ಮುಗಿಸುತ್ತೇವೆ.